ತ್ರೀಡಿ ಮಾಡಿಸುವ ಮೊದಲು: ಮನೆಯ ರೆಂಡರಿಗೆ ಬ್ರೀಫ್ ಬರೆದುಕೊಡುವ ಬಗೆ

"ಪ್ಲಾನ್ ಕಳಿಸೇನ್ರಿ, ಇನ್ನೇನ್ ಬೇಕು?" ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸುವವರು, ಹೊಸದಾಗಿ ಇಂಟೀರಿಯರ್ ಕೆಲಸ ಹಿಡಿದ ಹುಡುಗರು, ಗದಗ-ಹಾವೇರಿ ಕಡೆಯ ಗುತ್ತಿಗೆದಾರರು, ಎಲ್ಲರೂ ತ್ರೀಡಿ ಮಾಡಿಕೊಡುವ ನನಗೆ ಕೇಳುವ ಪ್ರಶ್ನೆ ಇದೇ. ಹದಿನೈದು ದಿನ ಬಿಟ್ಟು ಅವರದೇ ಇನ್ನೊಂದು ಫೋನ್ ಬರುತ್ತದೆ: "ನಾವ್ ಅಂದಿದ್ದ ಬ್ಯಾರೆ, ಬಂದಿದ್ದ ಬ್ಯಾರೆ ಆಗೈತ್ರಿ." ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದರೆ ಎರಡನೆಯ ಫೋನ್ ಬರುತ್ತಿರಲಿಲ್ಲ. ಆ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ.

ರೆಂಡರ್ ಎಂದರೆ ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ತಯಾರಿಸಿದ ಚಿತ್ರ. ನಮ್ಮ ಕಡೆ ಬಳಕೆಯ ಮಾತು "ತ್ರೀಡಿ". ಮೊದಲು ಸ್ಕೆಚ್‌ಅಪ್, ತ್ರೀಡಿಎಸ್ ಮ್ಯಾಕ್ಸ್‌ನಂಥ ತಂತ್ರಾಂಶದಲ್ಲಿ ಗೋಡೆ, ಬಾಗಿಲು, ಸಾಮಾನುಗಳ ಮಾಡೆಲ್ ಎಬ್ಬಿಸುತ್ತಾರೆ. ಆಮೇಲೆ ವಿ-ರೇ, ಎನ್‌ಸ್ಕೇಪ್, ಲುಮಿಯಾನ್‌ನಂಥವುಗಳಲ್ಲಿ ಅದಕ್ಕೆ ಬಣ್ಣ, ಬೆಳಕು, ನೆರಳು ಕೂಡಿಸುತ್ತಾರೆ. ಬ್ರೀಫ್ ಎಂದರೆ ಈ ಕೆಲಸ ಶುರುವಾಗುವ ಮುನ್ನ ನೀವು ಬರೆದು ಕೊಡುವ ಬೇಕು-ಬೇಡಗಳ ಕಾಗದ. ಒಂದು ಮನೆಗೆ ನಾಲ್ಕೈದು ಪುಟ ಸಾಕು.

ಇಷ್ಟು ಬರೆಯುವುದು ಯಾಕೆ ಬೇಕು? ಪ್ಲಾನಿನಲ್ಲಿ ಗೋಡೆಯ ಬಣ್ಣ ಬರೆಯದಿದ್ದರೂ ಪ್ಲಾನ್ ಪೂರ್ತಿಯಾಗಿಯೇ ಇರುತ್ತದೆ. ರೆಂಡರಿನಲ್ಲಿ ಹಾಗೆ ಖಾಲಿ ಬಿಡಲು ಬರುವುದಿಲ್ಲ. ಗೋಡೆ ಕಂಡರೆ ಅದಕ್ಕೊಂದು ಬಣ್ಣ ಇರಲೇಬೇಕು, ನೆಲ ಕಂಡರೆ ಟೈಲ್ಸ್ ಇರಲೇಬೇಕು, ಕಿಟಕಿ ಕಂಡರೆ ಹೊರಗೆ ಏನೋ ಒಂದು ಕಾಣಲೇಬೇಕು. ನೀವು ಹೇಳದೆ ಬಿಟ್ಟ ಪ್ರತಿಯೊಂದನ್ನೂ ರೆಂಡರ್ ಮಾಡುವವರು ತಮ್ಮ ಊಹೆಯಿಂದ ತುಂಬುತ್ತಾರೆ, ಆ ಊಹೆ ನಿಜದಷ್ಟೇ ಚೆಂದವಾಗಿ ಕಾಣುತ್ತದೆ. ಹಾಗಾಗಿ ಬ್ರೀಫಿನಲ್ಲಿ ಪ್ರತಿ ಸಂಗತಿಯ ಮುಂದೆ ಮೂರರಲ್ಲಿ ಒಂದು ಮಾತು ಬರೆಯಿರಿ: "ಗಟ್ಟಿಯಾಗಿದೆ", "ಇನ್ನೂ ಗಟ್ಟಿಯಾಗಿಲ್ಲ", "ನಿಮಗೆ ಬಿಟ್ಟದ್ದು". ಮುಂದಿನ ಎಲ್ಲ ಹಂತಗಳಲ್ಲೂ ಈ ಮೂರು ಗುರುತು ಬಳಸಿ.

ಹಂತ 1: ರೆಂಡರ್ ಯಾತಕ್ಕೆ ಬೇಕು ಎಂದು ಒಂದು ಸಾಲಿನಲ್ಲಿ ಬರೆಯಿರಿ

ಮನೆಯವರೇ ನೋಡಿ ಒಪ್ಪಲಿಕ್ಕೋ, ಬಡಗಿಗೆ ತೋರಿಸಲಿಕ್ಕೋ, ಸೈಟಿನ ಮುಂದೆ ಫ್ಲೆಕ್ಸ್ ಹಾಕಲಿಕ್ಕೋ, ಫ್ಲ್ಯಾಟ್ ಮಾರಲಿಕ್ಕೋ? ಒಂದೊಂದಕ್ಕೆ ಒಂದೊಂದು ಬಗೆಯ ಚಿತ್ರ ಬೇಕಾಗುತ್ತದೆ. ಬಡಗಿಗೆ ಕೊಡುವ ಚಿತ್ರದಲ್ಲಿ ವಾರ್ಡ್‌ರೋಬಿನ ಪ್ರತಿ ಜೋಡು (ಎರಡು ಹಾಳೆ ಕೂಡುವ ಗೆರೆ), ಹಿಡಿಕೆ ಸ್ಪಷ್ಟವಾಗಿ ಕಾಣಬೇಕು. ಫ್ಲೆಕ್ಸಿನದಕ್ಕೆ ದೂರದಿಂದ ಕಣ್ಣಿಗೆ ಬೀಳುವ ಬೆಳಕು ಮುಖ್ಯ.

ಜೊತೆಗೆ ಇನ್ನೊಂದು ಸಾಲು: ಕೊನೆಯ ಮಾತು ಯಾರದು. ಮನೆಯಲ್ಲಿ ಅಪ್ಪಾಜಿ, ಅವ್ವ, ಮಗ, ಸೊಸೆ ಎಲ್ಲರಿಗೂ ಅಭಿಪ್ರಾಯ ಇರುತ್ತದೆ, ಇರಬೇಕು ಕೂಡ. ಆದರೆ ಮನೆಯೊಳಗೆ ಎಲ್ಲರೂ ಕೂತು ಮಾತಾಡಿ, ಒಬ್ಬರ ಫೋನಿನಿಂದಲೇ ಉತ್ತರ ಹೋಗಲಿ. ಮುಂಜಾನೆ ಮಗ "ಬೂದು ಬಣ್ಣ" ಎಂದು ಹೇಳಿ, ಸಂಜೆ ಅಪ್ಪಾಜಿ "ಬೂದಿ ಬಣ್ಣ ಬ್ಯಾಡ್ರಿ, ಮನಿ ಮಂಕ ಕಾಣತೈತಿ" ಎಂದರೆ ಕೆಲಸ ಒಂದು ವಾರ ಹಿಂದೆ ಬೀಳುತ್ತದೆ.

ಹಂತ 2: ಅಳತೆ ಮತ್ತು ನಕ್ಷೆ

ಮೂರು ನಕ್ಷೆ ಬೇಕು. ಪ್ಲಾನ್, ಅಂದರೆ ಮೇಲಿನಿಂದ ಕಾಣುವ ವಿನ್ಯಾಸ. ಎಲಿವೇಶನ್, ಅಂದರೆ ಎದುರಿನಿಂದ ಕಾಣುವ ಮುಖ. ಸೆಕ್ಷನ್, ಅಂದರೆ ಮನೆಯನ್ನು ನಿಂತ ನಿಲುವಿನಲ್ಲಿ ಸೀಳಿದರೆ ಕಾಣುವ ಎತ್ತರಗಳ ಲೆಕ್ಕ. ಎಲ್ಲರೂ ಮರೆಯುವುದು ಈ ಮೂರನೆಯದನ್ನು. ಸೆಕ್ಷನ್ ಇಲ್ಲದಿದ್ದರೆ ಇಷ್ಟನ್ನಾದರೂ ಕೈಯಿಂದ ಬರೆದು ಕೊಡಿ: ರಸ್ತೆಯಿಂದ ಪ್ಲಿಂತ್ (ಮನೆಯ ನೆಲ ಕೂರುವ ಕಟ್ಟೆ) ಎಷ್ಟು ಎತ್ತರ, ನೆಲದಿಂದ ಸ್ಲ್ಯಾಬಿನ ತಳಕ್ಕೆ ಎಷ್ಟು, ಬೀಮ್ ಎಷ್ಟು ಇಂಚು ಕೆಳಗೆ ಇಳಿದಿದೆ, ಕಿಟಕಿಯ ಕೆಳ ಅಂಚು ನೆಲದಿಂದ ಎಷ್ಟು, ಛಜ್ಜಾ (ಕಿಟಕಿಯ ಮೇಲೆ ನೆರಳಿಗೆ ಚಾಚಿದ ಹಲಗೆ) ಎಷ್ಟು ಮುಂದೆ ಚಾಚಿದೆ.

ಪ್ಲಿಂತ್ ಅಳತೆ ಕೊಡದಿದ್ದರೆ ಏನಾಗುತ್ತದೆ ನೋಡಿ. ಪ್ಲಿಂತ್ 30 ಇಂಚು ಇದ್ದು ಒಂದು ಮೆಟ್ಟಿಲು 6 ಇಂಚು ಎಂದರೆ ಐದು ಏರು ಬೇಕು. ರೆಂಡರಿನಲ್ಲಿ ಊಹೆಯ ಮೇಲೆ ಮೂರು ಮೆಟ್ಟಿಲು ಹಾಕಿರುತ್ತಾರೆ. ಉಳಿದ ಎರಡು ಮೆಟ್ಟಿಲಿಗೆ ಕಾರು ನಿಲ್ಲಿಸುವ ಜಾಗದಲ್ಲಿ ಸುಮಾರು 20 ಇಂಚು ಹೋಗುತ್ತದೆ. 30×40 ಸೈಟಿನಲ್ಲಿ 20 ಇಂಚು ಹೋದರೆ ಕಾರಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಪಾಲಿಕೆಯಲ್ಲಿ ಮಂಜೂರಾದ ನಕ್ಷೆ ಬೇರೆ, ಸೈಟಿನಲ್ಲಿ ಎದ್ದ ಗೋಡೆ ಬೇರೆ ಇರುವ ಮನೆಗಳು ಇವೆ. ಯಾವ ನಕ್ಷೆಯಂತೆ ರೆಂಡರ್ ಆಗಬೇಕು ಎಂದು ಸ್ಪಷ್ಟವಾಗಿ ಬರೆದು, ಅದರ ಮೇಲೆ ದಿನಾಂಕ ಹಾಕಿ, ಅದೊಂದನ್ನೇ ಕಳಿಸಿ. ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಕಡತದ ಜೊತೆ ಅದರ ಪಿಡಿಎಫ್ ಕೂಡ ಇರಲಿ. ಕಡತ ತೆರೆದಾಗ ಅಳತೆಯ ಏಕಮಾನ ಏರುಪೇರಾಗುವುದು ಸಾಮಾನ್ಯ, ಪಿಡಿಎಫ್‌ನಲ್ಲಿ ಬರೆದ ಅಂಕಿ ನೋಡಿ ತಾಳೆ ಹಾಕಬಹುದು. ಒಂದು ಕಾಗದದಲ್ಲಿ ಅಡಿ, ಇನ್ನೊಂದರಲ್ಲಿ ಮಿಲಿಮೀಟರ್ ಬೇಡ. ಒಂದಡಿ ಎಂದರೆ 304.8 ಮಿಮೀ. "300 ಅಂತ ಹಿಡಿಯೋಣ" ಎಂದರೆ ಹತ್ತಡಿಯ ಗೋಡೆಯಲ್ಲಿ ಸುಮಾರು ಎರಡು ಇಂಚು ತಪ್ಪುತ್ತದೆ. ಫ್ರಿಜ್ಜಿನ ಜಾಗದಲ್ಲಿ ಎರಡು ಇಂಚು ಬಹಳ ದೊಡ್ಡದು.

ಒಳಾಂಗಣದ ರೆಂಡರಿಗಾದರೆ ಪ್ಲಾಸ್ಟರ್ ಆದ ಮೇಲೆ ಟೇಪ್ ಹಿಡಿದು ಅಳೆಯಿರಿ. ಒಳಗೋಡೆಯ ಪ್ಲಾಸ್ಟರ್ ಒಂದೊಂದು ಬದಿಗೆ 12ರಿಂದ 15 ಮಿಮೀ ಇರುತ್ತದೆ, ಅಂದರೆ ಪ್ಲಾನಿನ ಹತ್ತಡಿ ಕೋಣೆ ನಿಜದಲ್ಲಿ ಒಂದು ಇಂಚು ಕಡಿಮೆ. ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳ ಮನೆಗಳನ್ನು ನವೀಕರಿಸುವವರು ಕೋಣೆಯ ನಾಲ್ಕು ಗೋಡೆಗಳ ಜೊತೆ ಎರಡು ಕರ್ಣಗಳನ್ನೂ ಅಳೆಯಬೇಕು. ಎರಡು ಕರ್ಣ ಒಂದೇ ಬರದಿದ್ದರೆ ಕೋಣೆ ಕಾಟಕೋನಕ್ಕಿಲ್ಲ, ಅಂದರೆ ಮೂಲೆಗಳು ಸರಿಯಾಗಿ 90 ಡಿಗ್ರಿ ಇಲ್ಲ ಎಂದು ಅರ್ಥ. ಗೋಡೆಯ ದಪ್ಪವನ್ನೂ ಬಾಗಿಲಿನ ಬಳಿ ಹಿಡಿದು ನೋಡಿ. ಹಳೆಯ ಮಣ್ಣಿನ ಗೋಡೆ ಒಂದೂವರೆ ಎರಡು ಅಡಿ ಇರುವುದುಂಟು, ರೆಂಡರ್ ಮಾಡುವವರು 9 ಇಂಚು ಎಂದು ಹಿಡಿದುಬಿಟ್ಟರೆ ಕಿಟಕಿಯ ಆಳ, ಗೂಡಿನ ಆಳ ಎಲ್ಲವೂ ಸುಳ್ಳಾಗುತ್ತದೆ.

ಹಂತ 3: ಆ ಕೋಣೆಯಲ್ಲಿ ನಿಮ್ಮ ದಿನ ಹೇಗೆ ಹೋಗುತ್ತದೆ ಎಂದು ಬರೆಯಿರಿ

ಇದು ಬ್ರೀಫಿನ ಜೀವ. "ಮಾಡರ್ನ್ ಲುಕ್ ಬೇಕು", "ಸಿಂಪಲ್ ಇರಲಿ, ರಿಚ್ ಕಾಣಲಿ" ಎಂದು ಬರೆದರೆ ರೆಂಡರ್ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಆ ಮಾತಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಅದರ ಬದಲು ಯಾರು, ಎಷ್ಟು ಹೊತ್ತಿಗೆ, ಎಲ್ಲಿ ಕೂತು, ಏನು ಮಾಡುತ್ತಾರೆ ಎಂದು ಬರೆಯಿರಿ. ಒಂದು ಮಾದರಿ:

"ಪಡಸಾಲಿ, 11 ಅಡಿ × 16 ಅಡಿ. ಮುಂಬಾಗಿಲು ಪೂರ್ವಕ್ಕೆ. ಮುಂಜಾನೆ ಅಪ್ಪಾಜಿ ಕಿಟಕಿ ಬಾಜೂ ಕೂತು ಪೇಪರ್ ಓದುತ್ತಾರೆ, ಅವರಿಗೆ ಕೈ ಊರಿ ಏಳಲು ಬರುವ, ಎತ್ತರದ ಖುರ್ಚಿ ಬೇಕು. ಹಬ್ಬಕ್ಕೆ ಇಪ್ಪತ್ತು ಮಂದಿ ನೆಲದ ಮೇಲೆ ಪಂಕ್ತಿ ಕೂಡುತ್ತಾರೆ, ಆದ್ದರಿಂದ ನಡುವೆ ಭಾರದ ಟೀಪಾಯಿ ಬೇಡ. ಟಿವಿ 55 ಇಂಚು, ಈಗಾಗಲೇ ಇದೆ. ಹಳೆಯ ತೇಗಿನ ಕಪಾಟು ಉಳಿಯಬೇಕು: 4 ಅಡಿ ಅಗಲ, 6 ಅಡಿ ಎತ್ತರ, 18 ಇಂಚು ಆಳ, ಫೋಟೊ ಇದೆ. ಗೋಡೆ ಬಣ್ಣ ಇನ್ನೂ ಗಟ್ಟಿಯಾಗಿಲ್ಲ. ಪರದೆ ನಿಮಗೆ ಬಿಟ್ಟದ್ದು."

ಹತ್ತು ಸಾಲಿನಲ್ಲಿ ಎಷ್ಟು ತೀರ್ಮಾನ ಆಗಿಹೋಯಿತು ನೋಡಿ. ಅಡುಗೆಮನೆಗೂ ಹೀಗೆಯೇ ಬರೆಯಿರಿ. ನಮ್ಮ ಕಡೆ ಅಡುಗೆಮನೆ ಎಂದ ಮೇಲೆ ರೊಟ್ಟಿ ಬಡಿಯುವ ಜಾಗ ಬೇಕೇ ಬೇಕು. ನಿಂತು ಬಡಿಯುತ್ತೀರೋ, ಕೂತೋ? ನಿಂತಾದರೆ ಒಲೆಯ ಪಕ್ಕ ಕಟ್ಟೆಯ ಮೇಲೆ ಎಷ್ಟು ಅಡಿ ಖಾಲಿ ಇರಬೇಕು? ಕಟ್ಟೆ ಸಾಮಾನ್ಯವಾಗಿ 32ರಿಂದ 34 ಇಂಚು ಎತ್ತರ ಇರುತ್ತದೆ. ರೊಟ್ಟಿ ಬಡಿಯಲು ಮೇಲಿನಿಂದ ಕೈಯ ಬಲ ಬೀಳಬೇಕು, ಅದಕ್ಕೆ ಗಿಡ್ಡ ಇದ್ದವರಿಗೆ 34 ಇಂಚು ಹೆಗಲು ನೋಯಿಸುತ್ತದೆ. ಬಡಿಯುವವರನ್ನೇ ನಿಲ್ಲಿಸಿ ಮೊಣಕೈಯ ಎತ್ತರ ಅಳೆದು ಬರೆಯಿರಿ. ಗ್ಯಾಸ್ ಸಿಲಿಂಡರ್, ನೀರಿನ ಫಿಲ್ಟರ್, ಮಿಕ್ಸರ್, ಹಿಟ್ಟಿನ ಡಬ್ಬಿ, ಇನ್ವರ್ಟರ್, ವಾಷಿಂಗ್ ಮಶೀನ್: ರೆಂಡರಿನಲ್ಲಿ ಇವು ಯಾವುವೂ ಕಾಣುವುದಿಲ್ಲ, ಮನೆಯಲ್ಲಿ ಎಲ್ಲವೂ ಇರುತ್ತವೆ. ಒಂದೊಂದರ ಜಾಗ ಹೇಳಿ.

ಇಟ್ಟುಕೊಳ್ಳುವ ಹಳೆಯ ಸಾಮಾನುಗಳ ಅಳತೆ ಮಾತ್ರ ಎಂದಿಗೂ ಬಿಡಬೇಡಿ. ನವನಗರದ ಒಂದು ಮನೆಯವರು "ನಮ್ಮ ಹಳೇ ತೂಗುಮಂಚ ಪಡಸಾಲ್ಯಾಗ ಬರಬೇಕು" ಎಂದಷ್ಟೇ ಹೇಳಿದ್ದರು, ನಾನೂ ಅಳತೆ ಕೇಳಲಿಲ್ಲ. ಲೈಬ್ರರಿಯಲ್ಲಿ, ಅಂದರೆ ತಂತ್ರಾಂಶದ ಜೊತೆ ಸಿಗುವ ಸಿದ್ಧ ಸಾಮಾನುಗಳ ಸಂಗ್ರಹದಲ್ಲಿ, ಇದ್ದ ನಾಲ್ಕಡಿಯ ತೂಗುಮಂಚ ತೂಗಿಹಾಕಿದೆ. ಚಿತ್ರ ಎಲ್ಲರಿಗೂ ಹಿಡಿಸಿತು. ಅವರದು ಆರಡಿಯದು, ಹಿತ್ತಾಳೆ ಸರಪಳಿಯದು. ಕೊಂಡಿ ಹಾಕಿ ತೂಗಿದ ದಿನವೇ ಟಿವಿ ಯೂನಿಟ್ಟಿನ ಮೂಲೆಗೆ ಬಡಿಯಿತು. ಯೂನಿಟ್ ಬಿಚ್ಚಿ ಬೇರೆ ಗೋಡೆಗೆ ಕೂರಿಸಬೇಕಾಯಿತು. ಅಂದಿನಿಂದ ತೂಗುಮಂಚ ಎಂದರೆ ಅದರ ಉದ್ದ ಅಗಲದ ಜೊತೆ ಅದು ಜೀಕುವ ಜಾಗವನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ದೇವರ ಮನೆ, ವಾಸ್ತು ಇತ್ಯಾದಿ ನಂಬಿಕೆಗಳನ್ನೂ ಈ ಹಂತದಲ್ಲೇ ಬರೆದುಬಿಡಿ. ದೇವರು ಈಶಾನ್ಯಕ್ಕೆ, ಒಲೆ ಆಗ್ನೇಯಕ್ಕೆ ಬೇಕು ಎಂದಿದ್ದರೆ ಮೊದಲ ದಿನವೇ ಹೇಳಬೇಕು. ರೆಂಡರ್ ಬಂದ ಮೇಲೆ ಹೇಳಿದರೆ ಮಾಡೆಲನ್ನೇ ಒಡೆದು ಕಟ್ಟಬೇಕಾಗುತ್ತದೆ.

ಹಂತ 4: ಸಾಮಗ್ರಿಗಳ ಪಟ್ಟಿ

"ಮರದ ಬಣ್ಣದ ಲ್ಯಾಮಿನೇಟ್" ಎನ್ನುವುದು ಸಾಮಗ್ರಿಯ ಹೆಸರಲ್ಲ. ಅಂಗಡಿಯ ಕ್ಯಾಟಲಾಗಿನಲ್ಲಿ ಪ್ರತಿ ಹಾಳೆಯ ಹಿಂದೆ ಕಂಪನಿ ಹೆಸರು, ಸಂಖ್ಯೆ, ಫಿನಿಶ್ ಇರುತ್ತದೆ. ಆ ಸಂಖ್ಯೆ ಬೇಕು. ಬಣ್ಣಕ್ಕೆ ಶೇಡ್ ಕಾರ್ಡಿನ ಹೆಸರು ಮತ್ತು ಕೋಡ್ ಬೇಕು. ಟೈಲ್ಸಿಗೆ ಅಳತೆ, ಹೊಳಪೋ ಮ್ಯಾಟೋ, ಜೋಡಿನ ಅಗಲ, ಯಾವ ದಿಕ್ಕಿಗೆ ಹಾಸುವುದು, ಇಷ್ಟು ಬೇಕು. 2×2 ಅಡಿ ಟೈಲ್ಸಿನ ನೆಲಕ್ಕೂ 2×4 ಅಡಿಯದಕ್ಕೂ ಕೋಣೆಯ ನೋಟವೇ ಬೇರೆಯಾಗುತ್ತದೆ.

ಗ್ರಾನೈಟಿಗೆ, ಶಹಾಬಾದ ಫರಸಿಗೆ ಕೋಡ್ ಇರುವುದಿಲ್ಲ. ಅಲ್ಲಿ ಫೋಟೊ ಬೇಕು, ಅದನ್ನು ತೆಗೆಯುವ ಕ್ರಮ ಹೀಗೆ. ಕಲ್ಲಿನ ಅಂಗಡಿಯ ಅಂಗಳದಲ್ಲಿ, ನೆರಳಿನಲ್ಲಿ, ಹಗಲ ಬೆಳಕಿಗೆ, ಫ್ಲ್ಯಾಶ್ ಇಲ್ಲದೆ, ಕಲ್ಲಿಗೆ ಎದುರಾಗಿ ನಿಂತು ತೆಗೆಯಿರಿ. ಕಲ್ಲಿನ ಮೇಲೆ ಒಂದು ಅಳತೆ ಟೇಪ್ ಬಿಚ್ಚಿಡಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡಿ. ಟೇಪ್ ಇದ್ದರೆ ಇಳಕಲ್ಲಿನ ಕೆಂಪು ಗ್ರಾನೈಟಿನ ಚುಕ್ಕೆ ಎಷ್ಟು ದೊಡ್ಡದೆಂದು ರೆಂಡರ್ ಮಾಡುವವರಿಗೆ ತಿಳಿಯುತ್ತದೆ. ಬಿಳಿ ಹಾಳೆ ಇದ್ದರೆ ಫೋನಿನ ಕ್ಯಾಮೆರಾ ಬಣ್ಣವನ್ನು ಎಷ್ಟು ಹಳದಿಗೆ, ನೀಲಿಗೆ ಎಳೆದಿದೆ ಎಂದು ಕಂಡು ಸರಿ ಮಾಡಬಹುದು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊದಿಂದ ಬಣ್ಣ ಹಿಡಿಯಲು ಯಾರಿಗೂ ಸಾಧ್ಯವಿಲ್ಲ. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ "ಡಾಕ್ಯುಮೆಂಟ್" ಎಂದು ಕಳಿಸಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ, ಕಲ್ಲಿನ ಎಳೆಗಳು ಮಸುಕಾಗಿ ತಲುಪುತ್ತವೆ.

ಈಗ ಬಹಳ ಮಂದಿ ಸಿಕ್ಕಿಕೊಳ್ಳುವ ಜಾಗ. ಲ್ಯಾಮಿನೇಟ್, ಪ್ಲೈವುಡ್ ಹಾಳೆ ಸಾಮಾನ್ಯವಾಗಿ 8×4 ಅಡಿ. ಮನೆಯ ಎತ್ತರ ಹತ್ತಡಿ. ನೆಲದಿಂದ ಸ್ಲ್ಯಾಬಿನವರೆಗೆ ಒಂದೇ ಪಟ್ಟಿಯಾಗಿ ಏರಿದ ಮರದ ಗೋಡೆಯನ್ನು ರೆಂಡರಿನಲ್ಲಿ ಎರಡು ನಿಮಿಷದಲ್ಲಿ ಎಬ್ಬಿಸಬಹುದು. ಆ ಹಾಳೆಯಲ್ಲಿ ಕೆಲಸ ಮಾಡುವ ಬಡಗಿ ಮಾತ್ರ ಎಂಟಡಿಗೆ ಒಂದು ಜೋಡು ಕೊಡಲೇಬೇಕು. ಆ ಜೋಡು ಚಿತ್ರದಲ್ಲಿ ಇರಲಿಲ್ಲ ಎಂದು ಆಮೇಲೆ ಅವನ ಮೇಲೆ ಸಿಟ್ಟು ಮಾಡುವುದು ಅನ್ಯಾಯ. ಬ್ರೀಫಿನಲ್ಲೇ ಬರೆಯಿರಿ: "ವಾರ್ಡ್‌ರೋಬ್ ಬಾಗಿಲು 7 ಅಡಿಗೆ ಮುಗಿಯಲಿ, ಮೇಲೆ ಲಾಫ್ಟ್‌ಗೆ ಬೇರೆ ಬಾಗಿಲು, ಮರದ ಎಳೆ ನಿಂತ ದಿಕ್ಕಿಗೆ." ಲಾಫ್ಟ್ ಎಂದರೆ ನಮ್ಮ ಹಿರಿಯರ ನಾಗೊಂದಿಗೆಯ ಇಂದಿನ ರೂಪ. ಸಾಮಗ್ರಿಯ ನಿಜವಾದ ಮಿತಿಯನ್ನು ರೆಂಡರಿಗೆ ತಿಳಿಸಿದರೆ ಮಾತ್ರ ಚಿತ್ರದಂತೆ ಮನೆ ಬರುತ್ತದೆ.

ಹೊರಗೋಡೆಗೆ ಅಚ್ಚ ಬಿಳಿ ಕೇಳುವವರಿಗೆ ಒಂದು ಮಾತು. ಧಾರವಾಡದ ಮಳೆಗೆ ಕೆಂಪು ಮಣ್ಣು ಸಿಡಿದು ಗೋಡೆಯ ಬುಡದ ಒಂದೂವರೆ ಅಡಿ ಬಣ್ಣ ಬದಲಾಗುತ್ತದೆ. ಅಲ್ಲಿಗೆ ಕಲ್ಲಿನ ಪಟ್ಟಿಯನ್ನೋ ಗಾಢ ಬಣ್ಣವನ್ನೋ ಈಗಲೇ ಬ್ರೀಫಿಗೆ ಸೇರಿಸಿ.

ಹಂತ 5: ಮೆಚ್ಚಿದ ಚಿತ್ರಗಳು

ಪಿಂಟರೆಸ್ಟಿನಿಂದ ಐವತ್ತು ಚಿತ್ರ ಕಳಿಸಬೇಡಿ. ಒಂದು ಕೋಣೆಗೆ ಮೂರು ಸಾಕು, ಪ್ರತಿ ಚಿತ್ರದ ಮೇಲೆ ಮೆಚ್ಚಿದ ಜಾಗಕ್ಕೆ ಬೆರಳಿನಿಂದ ಸುತ್ತು ಹಾಕಿ: "ಈ ಮಂಚದ ಹಿಂದಿನ ಬೆಳಕು ಬೇಕು, ಬಣ್ಣ ಬೇಡ." ಸುತ್ತು ಹಾಕದಿದ್ದರೆ ನೀವು ಬೆಳಕನ್ನು ಮೆಚ್ಚಿರುತ್ತೀರಿ, ಅವರು ಮಂಚವನ್ನು ಎತ್ತಿಕೊಂಡಿರುತ್ತಾರೆ. ಬೇಡವಾದ ಎರಡು ಚಿತ್ರಗಳನ್ನೂ ಕೊಡಿ, ಅವೂ ಅಷ್ಟೇ ಉಪಯೋಗಕ್ಕೆ ಬರುತ್ತವೆ.

ಆ ಚಿತ್ರಗಳಲ್ಲಿ ಹೆಚ್ಚಿನವು ಬೇರೆ ದೇಶದ ಮನೆಗಳು. ಅಲ್ಲಿ ಕಿಟಕಿಗೆ ಗ್ರಿಲ್ ಇಲ್ಲ, ಸೊಳ್ಳೆ ಪರದೆ ಇಲ್ಲ, ಸೀಲಿಂಗ್ ಫ್ಯಾನ್ ಇಲ್ಲ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಫ್ಯಾನ್ ಇಲ್ಲದ ಪಡಸಾಲೆಯಲ್ಲಿ ಕೂರಲಾಗುತ್ತದೆಯೇ? ಗ್ರಿಲ್, ಜಾಳಿಗೆ, ಫ್ಯಾನ್, ಎಸಿ, ಸ್ವಿಚ್ ಬೋರ್ಡ್ ರೆಂಡರಿನಲ್ಲಿ ಕಾಣಲೇಬೇಕು ಎಂದು ಬರೆಯಿರಿ. ಫಾಲ್ಸ್ ಸೀಲಿಂಗ್ ಎಂಟು ಇಂಚು ಇಳಿದ ಮೇಲೆ ಫ್ಯಾನಿನ ರೆಕ್ಕೆ ಎಷ್ಟು ಎತ್ತರದಲ್ಲಿ ಬರುತ್ತದೆ ಎಂಬುದು ಆಗಲೇ ಗೊತ್ತಾಗುತ್ತದೆ.

ಎಐ ಉಪಕರಣಕ್ಕೆ ಖಾಲಿ ಕೋಣೆಯ ಫೋಟೊ ಕೊಟ್ಟು ಚಿತ್ರ ತೆಗೆಸುವವರು ಈಗ ಹೆಚ್ಚಾಗಿದ್ದಾರೆ. ಯಾವ ಬಣ್ಣ, ಎಂಥ ವಾತಾವರಣ ಬೇಕು ಎಂದು ಹೇಳಲು ಅದು ಒಳ್ಳೆಯದು, ಮೆಚ್ಚಿದ ಚಿತ್ರಗಳ ಸಾಲಿಗೆ ಸೇರಿಸಿ. ಅಳತೆಗೆ ನಂಬಬೇಡಿ. ಅದು ಕಿಟಕಿಯನ್ನು ಅಗಲ ಮಾಡುತ್ತದೆ, ಬೀಮನ್ನು ಅಳಿಸುತ್ತದೆ.

ಹಂತ 6: ದಿಕ್ಕು, ಬಿಸಿಲು, ದೀಪ

ನಕ್ಷೆಯಲ್ಲಿ ಉತ್ತರದ ಬಾಣ ಇದೆಯೇ ನೋಡಿ. ಇಲ್ಲದಿದ್ದರೆ ಫೋನಿನ ದಿಕ್ಸೂಚಿ ಹಿಡಿದು ಗುರುತಿಸಿ, ಆದರೆ ಕಂಬಿ ರಾಶಿ, ಗೇಟು, ಕಾರುಗಳಿಂದ ದೂರ ನಿಂತು. ಕಬ್ಬಿಣದ ಬಳಿ ದಿಕ್ಸೂಚಿ ತಪ್ಪು ತೋರಿಸುತ್ತದೆ.

ಊರಿನ ಹೆಸರನ್ನೂ ಬರೆಯಿರಿ. ತಂತ್ರಾಂಶದಲ್ಲಿ ಊರಿನ ಅಕ್ಷಾಂಶ-ರೇಖಾಂಶ ಕೊಟ್ಟರೆ ಸೂರ್ಯನನ್ನು ಅದು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತದೆ. ಹುಬ್ಬಳ್ಳಿ ಸುಮಾರು 15.36 ಡಿಗ್ರಿ ಉತ್ತರ, 75.12 ಡಿಗ್ರಿ ಪೂರ್ವ. ಇಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಗಡಿಯಾರದ 12ಕ್ಕಲ್ಲ, ಸುಮಾರು 12:30ಕ್ಕೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಜೂನ್ ಕೊನೆಯಲ್ಲಿ ನೆತ್ತಿಯನ್ನೂ ದಾಟಿ ಉತ್ತರದ ಕಡೆಗೆ, ಸುಮಾರು 82 ಡಿಗ್ರಿಯಲ್ಲಿ.

ಇದರಿಂದ ನಿಮಗೇನು ಪ್ರಯೋಜನ? ನಿಮ್ಮ ಮನೆ ಉತ್ತರಕ್ಕೆ ಮುಖ ಮಾಡಿದ್ದರೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಮುಂಬಾಗಿಲ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ರೆಂಡರಿನಲ್ಲಿ ಆ ಮುಖದ ಮೇಲೆ ಬಂಗಾರದ ಬಿಸಿಲು ಸುರಿದಿದ್ದರೆ, ಅದನ್ನು ನಂಬಿ ನೀವು ಗಾಢ ಬೂದು ಕಲ್ಲು ಆರಿಸಿದರೆ, ಅರ್ಧ ವರ್ಷ ಮನೆಯ ಮುಖ ಕಪ್ಪಾಗಿ ಕಾಣುತ್ತದೆ. ಪಶ್ಚಿಮದ ಮನೆಯಾದರೆ ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಮೂರರ ಬಿಸಿಲಿನ ಒಂದು ಚಿತ್ರ ಕೇಳಿ. ಛಜ್ಜಾದ ನೆರಳು ಕಿಟಕಿಯನ್ನು ಕಾಯುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಬ್ರೀಫಿನಲ್ಲಿ ಹೀಗೆ ಬರೆದರೆ ಸಾಕು: "ಹುಬ್ಬಳ್ಳಿ, ಏಪ್ರಿಲ್ 15, ಮಧ್ಯಾಹ್ನ 3 ಗಂಟೆ."

ದೀಪಗಳಿಗೆ ಕೆಲ್ವಿನ್ ಎಂಬ ಅಂಕಿ ಇರುತ್ತದೆ, ಅದು ಬೆಳಕಿನ ಬಣ್ಣದ ಅಳತೆ. 3000 ಕೆಲ್ವಿನ್ ಎಂದರೆ ಹಳದಿ ಛಾಯೆ, 4000 ನಡುವಿನದು, 6500 ಎಂದರೆ ಟ್ಯೂಬ್‌ಲೈಟಿನ ಬೆಳ್ಳನೆಯ ಬೆಳಕು. ರೆಂಡರ್ ಮಾಡುವವರು ಚೆಂದ ಕಾಣಲೆಂದು 3000 ಹಾಕುತ್ತಾರೆ. ಮನೆಯವರು 6500ರ ಬಲ್ಬ್ ತರುತ್ತಾರೆ. ಆಗ ಅದೇ ಗೋಡೆ, ಅದೇ ಲ್ಯಾಮಿನೇಟ್ ಬೇರೆಯದೇ ಬಣ್ಣವಾಗಿ ಕಾಣುತ್ತದೆ. ನೀವು ನಿಜವಾಗಿ ಬಳಸುವ ಅಂಕಿಯನ್ನೇ ಬರೆಯಿರಿ.

ಹಂತ 7: ಕ್ಯಾಮೆರಾ ಎಲ್ಲಿ ನಿಲ್ಲಬೇಕು

ಪ್ಲಾನಿನ ಪ್ರತಿಯ ಮೇಲೆ ಪೆನ್ನಿನಿಂದ ಒಂದು ಚುಕ್ಕೆ, ಅದರಿಂದ ನೋಟದ ದಿಕ್ಕಿಗೆ ಒಂದು ಬಾಣ. ಪ್ರತಿ ನೋಟಕ್ಕೂ ಸಂಖ್ಯೆ. ಎತ್ತರ ಐದಡಿಯಿಂದ ಐದೂಕಾಲು ಅಡಿ, ಅಂದರೆ ನಿಂತವರ ಕಣ್ಣಿನ ಮಟ್ಟ.

ಎರಡು ಮೋಸಗಳ ಬಗ್ಗೆ ಎಚ್ಚರ ಇರಲಿ. ಒಂದು, ಲೆನ್ಸ್. 18 ಮಿಮೀ ಲೆನ್ಸ್ ಸುಮಾರು 90 ಡಿಗ್ರಿ ಅಗಲ ಹಿಡಿಯುತ್ತದೆ, ಅದರಲ್ಲಿ ಹತ್ತು-ಹನ್ನೊಂದು ಅಡಿಯ ಮಲಗುವ ಕೋಣೆ ಸಭಾಂಗಣದಂತೆ ಕಾಣುತ್ತದೆ. ಅಂಕಿ ಕಡಿಮೆಯಾದಷ್ಟೂ ನೋಟ ಅಗಲವಾಗುತ್ತದೆ, ಆದ್ದರಿಂದ 24 ಮಿಮೀಗಿಂತ ಕಡಿಮೆ ಅಂಕಿಯ ಲೆನ್ಸ್ ಬೇಡ ಎಂದು ಬರೆಯಿರಿ. ಚಿಕ್ಕ ಕೋಣೆಯಲ್ಲಿ ಕ್ಯಾಮೆರಾಕ್ಕೆ ಜಾಗ ಸಾಲದೆ ಒಂದು ಗೋಡೆ ತೆಗೆದು ಹೊರಗಿನಿಂದ ನೋಡುವ ಪದ್ಧತಿ ಇದೆ, ಅದು ತಪ್ಪಲ್ಲ. ಆದರೆ ಪ್ರತಿ ಕೋಣೆಗೂ ಒಂದು ನೋಟವಾದರೂ ಬಾಗಿಲಲ್ಲಿ ನಿಂತು ನೋಡಿದ್ದು ಇರಲಿ.

ಎರಡು, ರಸ್ತೆ. ನಿಮ್ಮ ಮನೆಯ ಮುಂದೆ 30 ಅಡಿ ರಸ್ತೆ ಇದ್ದರೆ ರಸ್ತೆಯ ಆಚೆ ಅಂಚಿನಲ್ಲಿ ನಿಂತವರಿಗೆ ಕಾಣುವುದೇ ಮನೆಯ ನಿಜವಾದ ಮುಖ. ರೆಂಡರಿನ ಕ್ಯಾಮೆರಾ ಎಷ್ಟೋ ಸಲ ಎದುರು ಮನೆಯ ಗೋಡೆ ದಾಟಿ ಇನ್ನೂ ಹಿಂದೆ ನಿಂತಿರುತ್ತದೆ. ಅಲ್ಲಿಂದ ಮೂರನೆಯ ಮಹಡಿಯ ಪರ್ಗೋಲಾ (ತೊಲೆಗಳ ಚಪ್ಪರ) ಭವ್ಯವಾಗಿ ಕಾಣುತ್ತದೆ. ರಸ್ತೆಯಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ. ಯಾರಿಗೂ ಕಾಣದ್ದಕ್ಕೆ ಹಣ ಹಾಕುವ ಮೊದಲು ರಸ್ತೆಯ ನೋಟ ಕೇಳಿ. ರಸ್ತೆಯಾಚೆಯಿಂದ ಸೈಟಿನ ನಾಲ್ಕಾರು ಫೋಟೊ ತೆಗೆದು ಕಳಿಸಿ: ವಿದ್ಯುತ್ ಕಂಬ, ತಂತಿ, ಬೇವಿನ ಮರ, ಅಕ್ಕಪಕ್ಕದ ಮನೆಗಳ ಎತ್ತರ ಎಲ್ಲ ಅದರಲ್ಲಿ ಇರಲಿ.

ಹಂತ 8: ಎಷ್ಟು, ಯಾವಾಗ, ಯಾವ ಗಾತ್ರ

ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ. ಒಟ್ಟು ಎಷ್ಟು ನೋಟ, ಹಗಲಿನವು ಎಷ್ಟು, ರಾತ್ರಿಯವು ಎಷ್ಟು (ರಾತ್ರಿಯ ನೋಟಕ್ಕೆ ಬೆಳಕನ್ನೆಲ್ಲ ಹೊಸದಾಗಿ ಕೂಡಿಸಬೇಕು, ಅದು ಬೇರೆಯೇ ಕೆಲಸ). ಫೋನಿಗೆ, ಟಿವಿಗೆ ಮಾತ್ರವಾದರೆ 1920×1080 ಪಿಕ್ಸೆಲ್ ಸಾಕು. ಎ3 ಕಾಗದಕ್ಕೆ ಒಳ್ಳೆಯ ಮುದ್ರಣ ಬೇಕಾದರೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 4961×3508 ಪಿಕ್ಸೆಲ್, ನಾಲ್ಕಡಿ ಫ್ಲೆಕ್ಸಿಗೂ ಅದೇ ಕಡತ ಸಾಲುತ್ತದೆ. ತಿದ್ದುಪಡಿ ಎಷ್ಟು ಸುತ್ತು, ಮಾಡೆಲ್ ಕಡತ ನಿಮಗೆ ಕೊಡುತ್ತಾರೋ ಇಲ್ಲವೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಮಾಡಿಕೊಳ್ಳಿ.

ಹಂತ 9: ಕರಡು ಬಂದಾಗ

ಮೊದಲು ಬಿಳಿ ರೆಂಡರ್ ಕೇಳಿ. ಬಣ್ಣ, ಸಾಮಗ್ರಿ ಏನೂ ಇಲ್ಲದೆ ಎಲ್ಲವೂ ಸುಣ್ಣ ಬಳಿದಂತೆ ಕಾಣುವ ಚಿತ್ರ ಅದು, ಕ್ಲೇ ರೆಂಡರ್ ಎಂದೂ ಕರೆಯುತ್ತಾರೆ. ನೋಡಲು ಸಪ್ಪೆ. ಆದರೆ ಅಳತೆಯ ತಪ್ಪು, ಕ್ಯಾಮೆರಾದ ತಪ್ಪು ಸಿಗುವುದು ಇಲ್ಲಿಯೇ. ಬಣ್ಣ ಬಂದ ಮೇಲೆ ಕಣ್ಣು ಬಣ್ಣದ ಹಿಂದೆ ಹೋಗುತ್ತದೆ. ಬಾಗಿಲು ಯಾವ ಕಡೆ ತೆರೆಯುತ್ತದೆ, ಮಂಚದ ಪಕ್ಕ ನಡೆಯಲು ಎಷ್ಟು ಜಾಗ ಉಳಿದಿದೆ, ಬೀಮ್ ಕಾಣುತ್ತಿದೆಯೇ, ಮೆಟ್ಟಿಲು ಎಷ್ಟಿವೆ ಎಂದು ಒಂದೊಂದಾಗಿ ನಿಮ್ಮ ಬ್ರೀಫಿಗೆ ತಾಳೆ ಹಾಕಿ, ಒಪ್ಪಿಗೆಯನ್ನು ಬರಹದಲ್ಲಿ ಕೊಡಿ. ಆಮೇಲೆ ಬಣ್ಣದ ಕರಡು, ಕೊನೆಗೆ ಪೂರ್ಣ ಗಾತ್ರದ್ದು.

ತಿದ್ದುಪಡಿ ಹೇಳುವಾಗ ಧ್ವನಿ ಸಂದೇಶ ಬೇಡ. ಚಿತ್ರದ ಮೇಲೆ 1, 2, 3 ಎಂದು ಗುರುತು ಹಾಕಿ, ಕೆಳಗೆ ಒಂದೊಂದು ಸಾಲು ಬರೆಯಿರಿ. ಬಣ್ಣ ಬದಲಿಸುವುದು ಚಿಕ್ಕ ಕೆಲಸ, ಕ್ಯಾಮೆರಾ ಸರಿಸಿದರೆ ಆ ನೋಟವನ್ನು ಮತ್ತೆ ರೆಂಡರ್ ಮಾಡಬೇಕು, ಗೋಡೆ ಸರಿಸಿದರೆ ಎಲ್ಲ ನೋಟಗಳೂ ಹೊಸದಾಗಿ ಆಗಬೇಕು. ಈ ವ್ಯತ್ಯಾಸ ತಿಳಿದಿದ್ದರೆ ಎರಡೂ ಕಡೆ ಮನಸ್ತಾಪ ಆಗುವುದಿಲ್ಲ. "ಯಾಕೋ ಸರಿ ಅನಸವಲ್ದು" ಎನ್ನಿಸಿದರೆ ಅದನ್ನೂ ಹೇಳಿ, ತಪ್ಪಿಲ್ಲ, ಆದರೆ ಚಿತ್ರದ ಯಾವ ಮೂಲೆ ನೋಡಿದಾಗ ಹಾಗೆ ಅನಿಸಿತು ಎಂದು ತೋರಿಸಿ.

ಕೊನೆಯ ಚಿತ್ರ ಕೈಗೆ ಬಂದ ಮೇಲೆ ಎ3 ಹಾಳೆಯಲ್ಲಿ ಮುದ್ರಿಸಿ, ಪಕ್ಕದಲ್ಲಿ ಹಂತ 4ರ ಕೋಡ್‌ಗಳನ್ನು ಬರೆದು ಸೈಟಿಗೆ ಕೊಡಿ. ಅದರ ಮೇಲೆ ದೊಡ್ಡದಾಗಿ "ಅಳತೆಗೆ ವರ್ಕಿಂಗ್ ಡ್ರಾಯಿಂಗ್ ನೋಡಿ" ಎಂದು ಬರೆಯಿರಿ. ವರ್ಕಿಂಗ್ ಡ್ರಾಯಿಂಗ್ ಎಂದರೆ ಕಟ್ಟುವವರಿಗಾಗಿ ಎಲ್ಲ ಅಳತೆ ಹಾಕಿದ ನಕ್ಷೆ. ರೆಂಡರಿನಿಂದ ಅಳತೆ ತೆಗೆಯಲು ಬರುವುದಿಲ್ಲ, ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವ ಚಿತ್ರ ಅದು. ದಿನಾಂಕ ಹಾಕಲು ಮರೆಯಬೇಡಿ. ಆಮೇಲೆ ಏನಾದರೂ ಬದಲಾಗಿ ಹೊಸ ಪ್ರತಿ ಕೊಟ್ಟರೆ, ಸೈಟಿಗೆ ನೀವೇ ಹೋಗಿ ಗೋಡೆಗೆ ಅಂಟಿಸಿದ ಹಳೆಯ ಪ್ರತಿಯನ್ನು ಕಿತ್ತುಕೊಂಡು ಬನ್ನಿ.